ಹಲ್ಲು ಕಚ್ಚಿದರೆ ಓಡುವ ಕಾರು: ಗಮನ ಕೊರತೆಯ ಮಕ್ಕಳಿಗೆ ಮಾತ್ರೆಯ ಜೊತೆ ಮಿದುಳಿನ ಅಲೆಗಳ ತರಬೇತಿ

ನನ್ನ ತಂಗಿಯ ಮಗನಿಗೆ 9 ವರ್ಷ. ಮನೆ ಕೊಡಗಿನ ನಾಪೋಕ್ಲಿನ ಹತ್ತಿರ, ಕಾಫಿ ತೋಟದ ನಡುವೆ. ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಅಂದರೆ ಈಗ ಎಲ್ಲರ ಬಾಯಲ್ಲೂ ಓಡಾಡುತ್ತಿರುವ ಎಡಿಎಚ್‌ಡಿ, ಅವನಿಗಿದೆಯೆಂದು ಮನೋವೈದ್ಯರು ಹೇಳಿ ಮಾತ್ರೆ ಆರಂಭಿಸಿದ್ದರು. ಆರು ತಿಂಗಳಾಗುವಷ್ಟರಲ್ಲಿ ಮೈಸೂರಿನ ಒಂದು ಖಾಸಗಿ ಕೇಂದ್ರದವರು ‘ನ್ಯೂರೋಫೀಡ್‌ಬ್ಯಾಕ್’ ಎಂಬ ತರಬೇತಿಯ ವಿಷಯ ತಿಳಿಸಿದರು. ಮಿದುಳಿನ ಅಲೆಗಳನ್ನು ಮಗು ತಾನೇ ತಿದ್ದಿಕೊಳ್ಳುವುದನ್ನು ಕಲಿಯುತ್ತದೆ, 40 ಅವಧಿ ಮುಗಿದ ಮೇಲೆ ಮಾತ್ರೆಯನ್ನೇ ಬಿಡಿಸಬಹುದು ಎಂದರು. ಮಗನಿಗೆ ದಿನವೂ ಮಾತ್ರೆ ಕೊಡುವಾಗ ಒಳಗೊಳಗೇ ಕೊರಗುತ್ತಿದ್ದ ತಾಯಿಗೆ ಇದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ.

ಕೆಲವು ಸಲ ನಾನೂ ಜೊತೆಗೆ ಹೋಗಿದ್ದೆ. ಹುಡುಗನ ನೆತ್ತಿಯ ಕೂದಲನ್ನು ಬಿಡಿಸಿ, ಅಂಟಿನಂಥ ಲೇಪ ಹಚ್ಚಿ, ಅದರ ಮೇಲೆ ಬಿಲ್ಲೆಯಂಥ ಎಲೆಕ್ಟ್ರೋಡ್ ಕೂರಿಸಿ, ಎರಡೂ ಕಿವಿಯ ಹಾಲೆಗಳಿಗೆ ಕ್ಲಿಪ್ ಸಿಕ್ಕಿಸುತ್ತಿದ್ದರು. ಎದುರಿನ ಪರದೆಯಲ್ಲಿ ಒಂದು ಕೆಂಪು ಕಾರು. ಗಮನ ನಿಂತರೆ ಕಾರು ಓಡುತ್ತದೆ, ಗಮನ ಹರಿದರೆ ಕಾರು ನಿಲ್ಲುತ್ತದೆ ಎಂಬುದು ಅವನಿಗೆ ಹೇಳಿಕೊಟ್ಟ ನಿಯಮ. ಐದನೆಯ ದಿನ ಹಿಂದಿರುಗುವಾಗ ಕುಶಾಲನಗರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವನು ನನ್ನ ಕಿವಿಯ ಹತ್ತಿರ ಬಂದು, ‘ದೊಡ್ಡಮ್ಮ, ಹಲ್ಲು ಗಟ್ಟಿಯಾಗಿ ಕಚ್ಚಿ ಹಿಡಿದರೆ ಕಾರು ಸುಮ್ಮನೆ ಓಡುತ್ತೆ, ಯಾರಿಗೂ ಹೇಳಬೇಡಿ’ ಎಂದ. ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ ಅದನ್ನು ಕೇಳಿ ನಗು ಬಂತು, ಆಮೇಲೆ ಯೋಚನೆಯೂ ಬಂತು. ಆ ಯೋಚನೆಯ ಹಿಂದೆ ಬಿದ್ದು ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಲೆಗಳ ವಿಷಯ. ಮಿದುಳಿನ ನರಕೋಶಗಳು ತಮ್ಮತಮ್ಮೊಳಗೆ ವಿದ್ಯುತ್ ಮತ್ತು ರಾಸಾಯನಿಕ ಸಂಕೇತಗಳ ಮೂಲಕ ವ್ಯವಹರಿಸುತ್ತವೆ. ಲಕ್ಷಗಟ್ಟಲೆ ಕೋಶಗಳು ಒಟ್ಟಿಗೆ ಏರಿಳಿದಾಗ ಅದರ ಕ್ಷೀಣ ಛಾಯೆ ನೆತ್ತಿಯ ಚರ್ಮದವರೆಗೂ ಬರುತ್ತದೆ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಕುಳಿತವರಿಗೆ ಒಂದೊಂದು ಹನಿಯೂ ಬೇರೆಬೇರೆಯಾಗಿ ಕೇಳಿಸುವುದಿಲ್ಲ, ಆದರೆ ಜಿಟಿಜಿಟಿ ಯಾವುದು, ಜಡಿಮಳೆ ಯಾವುದು ಎಂಬುದು ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಇಇಜಿ ಯಂತ್ರಕ್ಕೆ ಸಿಗುವುದೂ ಅಷ್ಟೇ. ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿ ಮನುಷ್ಯನ ಇಇಜಿಯನ್ನು ದಾಖಲಿಸಿ, 1929ರಲ್ಲಿ ಅದನ್ನು ಪ್ರಕಟಿಸಿದರು. ಈ ಸಂಕೇತ ಎಷ್ಟು ಸಣ್ಣದೆಂದರೆ ಅದನ್ನು ಮೈಕ್ರೋವೋಲ್ಟಿನಲ್ಲಿ, ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ, ಅಳೆಯುತ್ತಾರೆ. ನಮ್ಮ ಟಾರ್ಚಿನ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇದ್ದರೆ, ನೆತ್ತಿಯಲ್ಲಿ ಸಿಗುವುದು ಸಾಮಾನ್ಯವಾಗಿ ಕೆಲವು ಹತ್ತು ಮೈಕ್ರೋವೋಲ್ಟ್ ಮಾತ್ರ.

ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದರ ಮೇಲೆ ಈ ಅಲೆಗಳಿಗೆ ಗ್ರೀಕ್ ಅಕ್ಷರಗಳ ಹೆಸರಿಟ್ಟಿದ್ದಾರೆ. ಸೆಕೆಂಡಿಗೆ ಸುಮಾರು 4ರಿಂದ 8 ಸಲ ಏರಿಳಿಯುವುದು ಥೀಟಾ; ತೂಕಡಿಕೆಯಲ್ಲಿ, ಮನಸ್ಸು ಎಲ್ಲೋ ತೇಲುತ್ತಿರುವಾಗ ಇದು ಹೆಚ್ಚು. ಸುಮಾರು 13ರಿಂದ 30ರವರೆಗಿನದು ಬೀಟಾ. ಎಚ್ಚರವಾಗಿದ್ದು ಒಂದು ಕೆಲಸದಲ್ಲಿ ತೊಡಗಿರುವಾಗ ಇದು ಎದ್ದು ಕಾಣುತ್ತದೆ. ಇವೆರಡರ ನಡುವೆ ಬರ್ಗರ್ ಗುರುತಿಸಿದ ಆಲ್ಫಾ ಇದೆ. ಎಡಿಎಚ್‌ಡಿ ಇರುವ ಅನೇಕ ಮಕ್ಕಳಲ್ಲಿ ಬೀಟಾಕ್ಕೆ ಹೋಲಿಸಿದರೆ ಥೀಟಾ ಹೆಚ್ಚಿರುವುದು ಹಳೆಯ ಅಧ್ಯಯನಗಳಲ್ಲಿ ಕಂಡುಬಂದಿತ್ತು. ಹಾಗಿದ್ದರೆ ಥೀಟಾವನ್ನು ತಗ್ಗಿಸಿ ಬೀಟಾವನ್ನು ಏರಿಸುವುದನ್ನು ಮಗುವಿಗೆ ಕಲಿಸಿಬಿಟ್ಟರೆ ಗಮನ ತಾನಾಗಿ ನಿಲ್ಲಬಹುದಲ್ಲ ಎಂಬುದೇ ಈ ಚಿಕಿತ್ಸೆಯ ಮೂಲ ತರ್ಕ.

ಈ ತರ್ಕ ಹುಟ್ಟಿದ್ದು ಬೆಕ್ಕುಗಳಿಂದ. 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾರಿ ಸ್ಟರ್ಮನ್ ಎಂಬ ವಿಜ್ಞಾನಿ, ಬೆಕ್ಕುಗಳ ಮಿದುಳಿನಲ್ಲಿ ಸೆಕೆಂಡಿಗೆ 12ರಿಂದ 15ರ ನಡುವಿನ ಒಂದು ಲಯ ಮೂಡಿದಾಗಲೆಲ್ಲ ಅವಕ್ಕೆ ಆಹಾರದ ಬಹುಮಾನ ಕೊಡುತ್ತ ಹೋದರು. ಬೆಕ್ಕುಗಳು ಆ ಲಯವನ್ನು ಹೆಚ್ಚು ಹೆಚ್ಚು ತರುವುದನ್ನು ಕಲಿತವು. ಮೈ ಅಲುಗಿಸದೆ, ಆದರೆ ಎಚ್ಚರವಾಗಿ ಕುಳಿತಾಗ ಬರುವ ಲಯ ಅದು. ಆಮೇಲೆ ರಾಕೆಟ್ ಇಂಧನದ ವಿಷಪರಿಣಾಮ ನೋಡುವ ಬೇರೊಂದು ಪ್ರಯೋಗದಲ್ಲಿ, ಈ ತರಬೇತಿ ಪಡೆದ ಬೆಕ್ಕುಗಳಿಗೆ ಫಿಟ್ಸ್ ಬರುವುದು ತಡವಾಯಿತು. ಅಲ್ಲಿಂದ ಮುಂದೆ ಮೂರ್ಛೆರೋಗದವರ ಮೇಲೆ ಪ್ರಯೋಗ ನಡೆದು, 1976ರಲ್ಲಿ ಟೆನೆಸಿ ವಿಶ್ವವಿದ್ಯಾಲಯದ ಜೋಯೆಲ್ ಲೂಬರ್ ಮತ್ತು ಸಹೋದ್ಯೋಗಿ ಅದೇ ಬಗೆಯ ತರಬೇತಿಯನ್ನು ಅತಿಚಟುವಟಿಕೆಯ ಮಗುವೊಂದಕ್ಕೆ ಕೊಟ್ಟು ವರದಿ ಮಾಡಿದರು. ಈಗಿನ ಕೆಂಪು ಕಾರಿನ ಮೂಲ ಇಲ್ಲಿದೆ. ಬೆಕ್ಕಿಗೆ ಸಿಗುತ್ತಿದ್ದ ತಿನಿಸಿನ ಜಾಗದಲ್ಲಿ ಮಗುವಿಗೆ ಕಾರು ಓಡುವ ಸಂತೋಷ ಸಿಗುತ್ತದೆ. ಮನಃಶಾಸ್ತ್ರದ ದೃಷ್ಟಿಯಲ್ಲಿ ಎರಡೂ ಒಂದೇ ಜಾತಿಯ ಕಲಿಕೆ.

ಹಲ್ಲು ಕಚ್ಚುವ ಗುಟ್ಟು ಈಗ ಅರ್ಥವಾಗುತ್ತದೆ. ದವಡೆ, ಹಣೆ, ಕತ್ತಿನ ಸ್ನಾಯುಗಳೂ ವಿದ್ಯುತ್ತನ್ನು ಹೊಮ್ಮಿಸುತ್ತವೆ, ಅದೂ ಮಿದುಳಿನ ಅಲೆಗಿಂತ ಎಷ್ಟೋ ಪಟ್ಟು ಜೋರಾಗಿ. ಅದರ ವೇಗದ ಬಹುಪಾಲು ಬೀಟಾದ ವಲಯದಲ್ಲೂ ಅದರಾಚೆಗೂ ಹರಡಿಕೊಂಡಿರುತ್ತದೆ. ಒಂದು ಸಲ ಕಣ್ಣು ಮಿಟುಕಿಸಿದರೂ ಇಇಜಿಯ ಗೆರೆ ಗುಡ್ಡದಂತೆ ಎದ್ದು ಬೀಳುತ್ತದೆ. ನುರಿತ ತಜ್ಞರು ಸ್ನಾಯುವಿನ ಸಂಕೇತವನ್ನು ಪ್ರತ್ಯೇಕವಾಗಿ ಗಮನಿಸಿ, ಅದು ಮಿತಿ ಮೀರಿದೊಡನೆ ಬಹುಮಾನ ನಿಲ್ಲುವಂತೆ ಯಂತ್ರವನ್ನು ಹೊಂದಿಸಿರುತ್ತಾರೆ. ನಾವು ಹೋದ ಕಡೆ ಹುಡುಗನನ್ನು ಕೂರಿಸಿ ಗುಂಡಿ ಒತ್ತಿ, ಸಹಾಯಕರು ಪಕ್ಕದ ಕೋಣೆಗೆ ಹೋಗಿಬಿಡುತ್ತಿದ್ದರು. ಮತ್ತೊಂದು ಸೂಕ್ಷ್ಮವಿದೆ. ಮಗು ಬೇಸರಪಡದಿರಲೆಂದು ಅನೇಕ ಯಂತ್ರಗಳು ಬಹುಮಾನದ ಮಿತಿಯನ್ನು ತಾವೇ ಆಗಾಗ ಬದಲಿಸಿಕೊಳ್ಳುತ್ತವೆ. ಮಗು ಎಷ್ಟು ಮಾಡಿದರೂ ಕಾರು ಹೆಚ್ಚುಕಡಿಮೆ ಅಷ್ಟೇ ಹೊತ್ತು ಓಡುತ್ತದೆ. ಹಾಗಾಗಿ ಅವಧಿಯ ಕೊನೆಯಲ್ಲಿ ಪರದೆಯ ಮೇಲೆ ಬರುವ ನಕ್ಷತ್ರಗಳ ಸಂಖ್ಯೆಯನ್ನು ಕಲಿಕೆಯ ಅಳತೆಯೆಂದು ಭಾವಿಸುವಂತಿಲ್ಲ.

ನಮ್ಮ ಕಡೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ತೊಡಕು ರಸ್ತೆಯಲ್ಲಿದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್; ಹೋಗಿಬರಲು 240. 40 ಅವಧಿಗೆ 9,600 ಕಿಲೋಮೀಟರ್ ಆಯಿತು, ನಾಪೋಕ್ಲಿನಿಂದ ಮಡಿಕೇರಿಯವರೆಗಿನ ತಿರುವುಗಳನ್ನು ಬಿಟ್ಟು. ಬೆಳಗಿನ ಜಾವ ಎಬ್ಬಿಸಿ ಹೊರಡಿಸಿದ ಮಗು ದಾರಿಯುದ್ದಕ್ಕೂ ನಿದ್ದೆ ಮಾಡಿ, ಹತ್ತು ಗಂಟೆಗೆ ಕಣ್ಣುಜ್ಜುತ್ತ ಕುರ್ಚಿಯಲ್ಲಿ ಕುಳಿತರೆ ಅದರ ನೆತ್ತಿಯಲ್ಲಿ ಥೀಟಾ ಹೆಚ್ಚಿಗೆ ಇರುವುದು ಸಹಜ. ಅದು ಕಾಯಿಲೆಯ ಥೀಟಾವೋ ತೂಕಡಿಕೆಯದೋ ಎಂದು ಒಂದು ಗೆರೆ ನೋಡಿ ಹೇಳುವುದು ಕಷ್ಟ. ವಯಸ್ಸಿನ ಪ್ರಶ್ನೆಯೂ ಇದೆ: ಮಕ್ಕಳಲ್ಲಿ ಥೀಟಾ ದೊಡ್ಡವರಿಗಿಂತ ಹೆಚ್ಚೇ ಇದ್ದು, ಬೆಳೆದಂತೆ ಕಡಿಮೆಯಾಗುತ್ತ ಬರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಥೀಟಾ-ಬೀಟಾ ಅನುಪಾತ ಅಳೆಯುವ ಒಂದು ಸಾಧನಕ್ಕೆ 6ರಿಂದ 17 ವರ್ಷದವರ ತಪಾಸಣೆಯಲ್ಲಿ ಸಹಾಯಕವಾಗಿ ಬಳಸಲು ಅನುಮತಿ ಕೊಟ್ಟಿತು. ಹಲವು ಅಧ್ಯಯನಗಳನ್ನು ಒಗ್ಗೂಡಿಸಿ ಅದೇ ವರ್ಷ ಪ್ರಕಟವಾದ ವಿಶ್ಲೇಷಣೆಯೊಂದು ಈ ಅನುಪಾತ ನಂಬಲರ್ಹ ಗುರುತಲ್ಲವೆಂದಿತು. 2016ರಲ್ಲಿ ಅಲ್ಲಿನ ನರವೈದ್ಯರ ಅಕಾಡೆಮಿಯೂ ಸಂಶೋಧನೆಯ ಹೊರಗೆ ಇದನ್ನು ರೋಗನಿರ್ಣಯದ ಖಾತರಿಗೆ ಬಳಸಬಾರದೆಂದಿತು. ಬಣ್ಣಬಣ್ಣದ ‘ಬ್ರೇನ್ ಮ್ಯಾಪ್’ ತೋರಿಸಿ ಎಡಿಎಚ್‌ಡಿ ಇದೆ ಎಂದು ಯಾರಾದರೂ ಹೇಳಿದರೆ ಪಾಲಕರು ಇದನ್ನು ನೆನಪಿಡಬೇಕು. ಎಡಿಎಚ್‌ಡಿಯನ್ನು ನಿರ್ಣಯಿಸುವುದು ನಡವಳಿಕೆಯಿಂದ: 12 ವರ್ಷದೊಳಗೆ ಲಕ್ಷಣಗಳು ಕಾಣಿಸಿಕೊಂಡಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಗಳಲ್ಲಾದರೂ ಅವು ಇರಬೇಕು, ಮಗುವಿನ ದೈನಂದಿನ ಬದುಕಿಗೆ ಅವು ಅಡ್ಡಿಯಾಗಿರಬೇಕು.

ಇನ್ನು ಮಾತ್ರೆ. ಹೆಚ್ಚಾಗಿ ಕೊಡುವುದು ಮೀಥೈಲ್‌ಫೆನಿಡೇಟ್. 1944ರಲ್ಲಿ ಮೊದಲು ತಯಾರಾದ ಹಳೆಯ ಔಷಧ. ನರಕೋಶಗಳ ನಡುವಿನ ಸಂದಿಯಲ್ಲಿ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನು ಕೋಶಗಳು ಬೇಗನೆ ಹಿಂದಕ್ಕೆಳೆದುಕೊಳ್ಳದಂತೆ ಇದು ತಡೆಯುತ್ತದೆ; ಅದರಿಂದ ಸಂಕೇತಕ್ಕೆ ಬಲ ಬರುತ್ತದೆ. ಸಾಧಾರಣ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. ಬೆಳಿಗ್ಗೆ ಎಂಟಕ್ಕೆ ನುಂಗಿದ ಮಗು ಮಧ್ಯಾಹ್ನದ ಗಣಿತದ ಹೊತ್ತಿಗೆ ಮತ್ತೆ ಕಿಟಕಿಯ ಹೊರಗಿರುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಗಳು ಇದಕ್ಕೆಂದೇ ಬಂದವು. ಹಸಿವು ತಗ್ಗುವುದು, ರಾತ್ರಿ ನಿದ್ದೆ ತಡವಾಗುವುದು, ನಾಡಿ ಮತ್ತು ರಕ್ತದೊತ್ತಡ ಸ್ವಲ್ಪ ಏರುವುದು ಇದರ ಸಾಮಾನ್ಯ ಅಡ್ಡಪರಿಣಾಮಗಳು. ನನ್ನ ತಂಗಿ ಮೊದಲು ಅಕ್ಕಿರೊಟ್ಟಿ, ಮೊಟ್ಟೆ ತಿನ್ನಿಸಿ ಆಮೇಲೆ ಮಾತ್ರೆ ಕೊಡುತ್ತಾಳೆ, ಎತ್ತರ ತೂಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಾಳೆ. ನಮ್ಮ ದೇಶದಲ್ಲಿ ಇದು ಶೆಡ್ಯೂಲ್ ಎಕ್ಸ್ ಪಟ್ಟಿಯ ಔಷಧ. ವೈದ್ಯರ ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಿಡಬೇಕು, ಮಾರಲು ಪ್ರತ್ಯೇಕ ಪರವಾನಗಿ ಬೇಕು. ಸಣ್ಣ ಪೇಟೆಯ ಮೆಡಿಕಲ್‌ಗಳಲ್ಲಿ ಸಿಗದಿರುವುದು ಈ ಕಾರಣಕ್ಕೆ. ಸಿಗದೆ ಮಾತ್ರೆ ತಪ್ಪಿದ ದಿನಗಳನ್ನು ‘ಮಾತ್ರೆ ಕೆಲಸ ಮಾಡುತ್ತಿಲ್ಲ’ ಎಂದು ಲೆಕ್ಕ ಹಾಕಿದವರನ್ನೂ ನಾನು ಕಂಡಿದ್ದೇನೆ.

ಮಾತ್ರೆ ಮತ್ತು ತರಬೇತಿ ಜೊತೆಯಾಗಿ ನಡೆದರೆ ಏನಾಗುತ್ತದೆ? ಈ ಪ್ರಶ್ನೆಗೆ ಆಸೆ ಹುಟ್ಟಿಸಿದ್ದು 2002ರಲ್ಲಿ ಪ್ರಕಟವಾದ ವಿನ್ಸೆಂಟ್ ಮೊನಾಸ್ಟ್ರಾ ಮತ್ತು ಸಂಗಡಿಗರ ಅಧ್ಯಯನ. ನೂರು ಮಕ್ಕಳಿಗೆ ಒಂದು ವರ್ಷ ಮೀಥೈಲ್‌ಫೆನಿಡೇಟ್, ಪಾಲಕರಿಗೆ ಸಮಾಲೋಚನೆ, ಶಾಲೆಯಲ್ಲಿ ನೆರವು ಎಲ್ಲವೂ ಸಿಕ್ಕಿತು. ಅವರಲ್ಲಿ 51 ಮಕ್ಕಳು ಇವುಗಳ ಜೊತೆಗೆ ನ್ಯೂರೋಫೀಡ್‌ಬ್ಯಾಕನ್ನೂ ಪಡೆದರು. ಮಾತ್ರೆಯ ಮೇಲಿದ್ದಾಗ ಎರಡೂ ಗುಂಪು ಸುಧಾರಿಸಿತ್ತು. ಒಂದು ವಾರ ಮಾತ್ರೆ ನಿಲ್ಲಿಸಿ ನೋಡಿದಾಗ ತರಬೇತಿ ಪಡೆದವರ ಸುಧಾರಣೆ ಮಾತ್ರ ಉಳಿದುಕೊಂಡಿತು. ‘ಮಾತ್ರೆ ಬಿಡಿಸಬಹುದು’ ಎಂಬ ಮಾತಿನ ಹಿಂದೆ ಹೆಚ್ಚಾಗಿ ಇಂಥ ಫಲಿತಾಂಶಗಳೇ ಇರುತ್ತವೆ. ಆದರೆ ಯಾರು ಯಾವ ಗುಂಪಿಗೆ ಎಂಬುದನ್ನು ಅಲ್ಲಿ ಚೀಟಿ ಎತ್ತಿ ನಿರ್ಧರಿಸಿರಲಿಲ್ಲ; ತರಬೇತಿ ಬೇಕೋ ಬೇಡವೋ ಎಂದು ಆರಿಸಿಕೊಂಡದ್ದು ಪಾಲಕರು. ವಾರ ವಾರವೂ ಮಗುವನ್ನು ಕರೆದೊಯ್ಯುವಷ್ಟು ಉತ್ಸಾಹ, ಬಿಡುವು ಮತ್ತು ಹಣ ಇರುವ ಮನೆಯಲ್ಲಿ ಮಗುವಿಗೆ ಬೇರೆ ಹತ್ತು ಅನುಕೂಲಗಳೂ ಇರುತ್ತವೆ.

ತೋಟ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬರು ಹೊಸದೊಂದು ಎಲೆಗೊಬ್ಬರ ಹೊಡೆಸಿದ ವರ್ಷವೇ ಹೂಮಳೆ ಹದವಾಗಿ ಬಿದ್ದು ಗಿಡಗಳೆಲ್ಲ ಕಾಯಿ ಕಚ್ಚಿದವೆನ್ನಿ. ಗೊಬ್ಬರದವನು ಅದು ತನ್ನ ಗೊಬ್ಬರದ ಫಲವೆನ್ನುತ್ತಾನೆ. ಹೌದೋ ಅಲ್ಲವೋ ತಿಳಿಯಬೇಕಾದರೆ ಅದೇ ತೋಟದಲ್ಲಿ, ಅದೇ ನೆರಳಿನಲ್ಲಿ, ಕೆಲವು ಸಾಲುಗಳಿಗೆ ಬರೀ ನೀರು ಹೊಡೆದು ಬಿಟ್ಟಿರಬೇಕು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಂಥ ಕಡೆ ಪ್ರಯೋಗದ ತಾಕುಗಳನ್ನು ಹಾಕುವುದು ಇದಕ್ಕೇ. ಮಕ್ಕಳ ವಿಷಯದಲ್ಲಿ ‘ಬರೀ ನೀರು’ ಎಂದರೆ ಸುಳ್ಳು ತರಬೇತಿ: ಅದೇ ಕುರ್ಚಿ, ಅದೇ ಲೇಪ, ಅದೇ ಆಟ, ಆದರೆ ಕಾರು ಓಡುವುದಕ್ಕೂ ಆ ಮಗುವಿನ ಮಿದುಳಿಗೂ ಸಂಬಂಧವಿಲ್ಲ.

ಇಂಥ ಪ್ರಯೋಗಗಳಲ್ಲಿ ಅತಿ ಎಚ್ಚರಿಕೆಯದೊಂದು ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾಯಿತು. 7ರಿಂದ 10 ವರ್ಷದ 140ಕ್ಕೂ ಹೆಚ್ಚು ಮಕ್ಕಳು, ಎಲ್ಲರಲ್ಲೂ ಥೀಟಾ-ಬೀಟಾ ಅನುಪಾತ ಹೆಚ್ಚಿದ್ದವರು. ಒಂದು ಗುಂಪಿಗೆ ನಿಜವಾದ ತರಬೇತಿ; ಇನ್ನೊಂದಕ್ಕೆ ಮೊದಲೇ ದಾಖಲಿಸಿಟ್ಟ ಬೇರೊಂದು ಮಗುವಿನ ಇಇಜಿಯಿಂದ ಓಡುವ ಆಟ. ಮಗು ತಾನು ಕಣ್ಣು ಮಿಟುಕಿಸಿದಾಗ, ಹಲ್ಲು ಕಚ್ಚಿದಾಗ ಪರದೆಯಲ್ಲಿ ಏನೂ ಆಗದಿದ್ದರೆ ಅನುಮಾನಪಡಬಹುದಲ್ಲವೇ? ಅದಕ್ಕೆಂದು ಆ ಮಗುವಿನದೇ ಸ್ನಾಯು ಮತ್ತು ಕಣ್ಣಿನ ಸಂಕೇತಗಳನ್ನು ದಾಖಲೆಯ ಮೇಲೆ ಬೆರೆಸಿದ್ದರು! ನನ್ನ ತಂಗಿಯ ಮಗನಂಥವರನ್ನು ಅವರು ಮೊದಲೇ ಕಂಡಿದ್ದರೆಂದು ತೋರುತ್ತದೆ. ಮಗುವಿಗಾಗಲಿ ಪಾಲಕರಿಗಾಗಲಿ ಶಿಕ್ಷಕರಿಗಾಗಲಿ ಯಾರಿಗೆ ಯಾವುದು ಎಂದು ತಿಳಿಸಿರಲಿಲ್ಲ. ತರಬೇತಿ ಮುಗಿದಾಗ ಎರಡೂ ಗುಂಪಿನ ಮಕ್ಕಳು ಗಣನೀಯವಾಗಿ ಸುಧಾರಿಸಿದ್ದರು, ಮತ್ತು ಎರಡೂ ಗುಂಪಿನ ಸುಧಾರಣೆ ಹೆಚ್ಚುಕಡಿಮೆ ಒಂದೇ ಆಗಿತ್ತು. 13 ತಿಂಗಳ ನಂತರ ನೋಡಿದಾಗಲೂ ಗಮನದ ಲಕ್ಷಣಗಳಲ್ಲಿ ವ್ಯತ್ಯಾಸವಿರಲಿಲ್ಲ. ನಿಜ ತರಬೇತಿ ಪಡೆದವರಿಗೆ ಆಗ ಬೇಕಾಗುತ್ತಿದ್ದ ಔಷಧದ ಪ್ರಮಾಣ ಮಾತ್ರ ಕಡಿಮೆಯಿತ್ತು. ಈ ಕೊನೆಯ ಅಂಶವನ್ನು ನಾನು ಮರೆಮಾಚುವುದಿಲ್ಲ. ಆದರೆ ಒಂದೇ ಪ್ರಯೋಗದ ಒಂದು ಉಪಫಲಿತಾಂಶವನ್ನು ಹಿಡಿದು ಮಗುವಿನ ಮಾತ್ರೆ ತಪ್ಪಿಸುವ ಧೈರ್ಯ ನನಗಿಲ್ಲ.

ಆಮೇಲೆ 2024ರ ಡಿಸೆಂಬರಿನಲ್ಲಿ 38 ಪ್ರಯೋಗಗಳ, ಒಟ್ಟು 2,472 ಜನರ ಮಾಹಿತಿಯನ್ನು ಒಗ್ಗೂಡಿಸಿದ ವಿಶ್ಲೇಷಣೆ ಬಂತು. ಚಿಕಿತ್ಸೆ ಯಾರಿಗೆ ಸಿಕ್ಕಿದೆಯೆಂದು ಬಹುಶಃ ತಿಳಿಯದಿದ್ದವರ ಅಂಕಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಾಗ ಗುಂಪಿನ ಮಟ್ಟದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಬಹುಕಾಲದಿಂದ ರೂಢಿಯಲ್ಲಿರುವ ಪದ್ಧತಿಗಳನ್ನು ಮಾತ್ರ ಬೇರ್ಪಡಿಸಿದಾಗ ಸಣ್ಣ ಲಾಭವೊಂದು ತೋರಿತು. ಕೆಲಸದ ವೇಗದಲ್ಲೂ ಅಲ್ಪ ಏರಿಕೆ ಕಂಡಿತು. ಮಕ್ಕಳ ವೈದ್ಯರ ಅಮೆರಿಕನ್ ಅಕಾಡೆಮಿ ತನ್ನ 2019ರ ಮಾರ್ಗಸೂಚಿಯಲ್ಲಿ ಇಇಜಿ ತರಬೇತಿಯನ್ನು, ಶಿಫಾರಸು ಮಾಡಲು ಸಾಕಷ್ಟು ಪುರಾವೆಯಿಲ್ಲದ ಅಥವಾ ಲಾಭ ತೀರ ಕಡಿಮೆಯೆಂದು ಕಂಡ ಚಿಕಿತ್ಸೆಗಳ ಸಾಲಿಗೆ ಸೇರಿಸಿದೆ.

ಸುಳ್ಳು ತರಬೇತಿಯ ಮಕ್ಕಳೂ ಸುಧಾರಿಸಿದ್ದೇಕೆ ಎಂಬುದು ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು. ವಾರಕ್ಕೆರಡು ಮೂರು ಸಲ ಮಗು ಗಲಾಟೆಯಿಲ್ಲದ ಕೋಣೆಯಲ್ಲಿ ಅರ್ಧ ಮುಕ್ಕಾಲು ಗಂಟೆ ಕುಳಿತುಕೊಳ್ಳುತ್ತದೆ, ಕುಳಿತದ್ದಕ್ಕೆ ಮೆಚ್ಚುಗೆ ಪಡೆಯುತ್ತದೆ. ದಿನವಿಡೀ ‘ಸುಮ್ಮನಿರು’ ಎನ್ನುವವರ ನಡುವೆ ‘ಚೆನ್ನಾಗಿ ಮಾಡಿದೆ’ ಎನ್ನುವ ಒಬ್ಬ ದೊಡ್ಡವರು ಸಿಗುತ್ತಾರೆ. ಕರೆದುಕೊಂಡು ಹೋಗುವ ಅಪ್ಪನೋ ಅಮ್ಮನೋ ದಾರಿಯುದ್ದಕ್ಕೂ ಅದರ ಜೊತೆಗಿರುತ್ತಾರೆ. ಅತಿ ಕೆಟ್ಟ ಸ್ಥಿತಿಯಲ್ಲಿದ್ದಾಗಲೇ ಪಾಲಕರು ಹೊಸ ಚಿಕಿತ್ಸೆ ಹುಡುಕುವುದರಿಂದ, ಅಲ್ಲಿಂದ ಲಕ್ಷಣಗಳು ಸ್ವಲ್ಪವಾದರೂ ತಗ್ಗುವ ಸಂಭವವೂ ಹೆಚ್ಚು. ಇವು ಕಡೆಗಣಿಸುವ ಸಂಗತಿಗಳಲ್ಲ; ಇವುಗಳಲ್ಲಿ ಹೆಚ್ಚಿನವು ಮೈಸೂರಿಗೆ ಹೋಗದೆಯೂ ದೊರೆಯುತ್ತವೆ. 1999ರಲ್ಲಿ ಪ್ರಕಟವಾದ, 579 ಮಕ್ಕಳನ್ನು 14 ತಿಂಗಳು ನೋಡಿಕೊಂಡ ಅಮೆರಿಕದ ಪ್ರಸಿದ್ಧ ಅಧ್ಯಯನದಲ್ಲಿ, ಮುಖ್ಯ ಲಕ್ಷಣಗಳ ಮಟ್ಟಿಗೆ ಎಚ್ಚರಿಕೆಯಿಂದ ಕೊಟ್ಟ ಔಷಧವೇ ವರ್ತನಾ ಚಿಕಿತ್ಸೆಗಿಂತ ಮೇಲಾಗಿತ್ತು. ಆದರೆ ಔಷಧದ ಜೊತೆ ಪಾಲಕರಿಗೂ ಶಾಲೆಗೂ ತರಬೇತಿ ಸೇರಿದ ಗುಂಪಿಗೆ ಕಡಿಮೆ ಪ್ರಮಾಣದ ಮಾತ್ರೆ ಸಾಕಾಗಿತ್ತು.

ಕೊಡಗಿನಲ್ಲಿ ಇದಕ್ಕೆ ಏನೇನು ದಾರಿಯಿದೆ ಎಂದರೆ, ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ತಪಾಸಣೆ ಮಾಡುತ್ತವೆ, ಅವರ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಶಿಕ್ಷಕರು ತಂಡ ಬಂದ ದಿನ ಬಾಯಿಬಿಟ್ಟು ಹೇಳಬೇಕಷ್ಟೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜಟಿಲವಾದ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗವಿದೆ. ತೋಟದ ಕೂಲಿಕಾರರ ಲೈನ್‌ಮನೆಗಳ ಮಕ್ಕಳ ಪಾಡು ಬೇರೆ. ಕಾಫಿ ಕುಯ್ಲಿನ ಕಾಲಕ್ಕೆ ಬಂದು ಹೋಗುವ ಕುಟುಂಬದ ಮಗುವನ್ನು ಎರಡು ಶಾಲೆಗಳ ಶಿಕ್ಷಕರು ಅರ್ಧರ್ಧ ವರ್ಷ ನೋಡುತ್ತಾರೆ, ಪೂರ್ತಿಯಾಗಿ ಯಾರೂ ನೋಡುವುದಿಲ್ಲ.

ಇಷ್ಟರ ಮೇಲೂ ನ್ಯೂರೋಫೀಡ್‌ಬ್ಯಾಕ್ ಮಾಡಿಸಬೇಕೆನ್ನುವವರನ್ನು ನಾನು ತಡೆಯುವುದಿಲ್ಲ. ತಲೆನೋವು, ದಣಿವಿನಂಥ ಸಣ್ಣ ತೊಂದರೆ ಬಿಟ್ಟರೆ ಅದರಿಂದ ದೊಡ್ಡ ಅಪಾಯ ಕಂಡುಬಂದಿಲ್ಲ. ನಷ್ಟವಾಗುವುದು ಹಣ, ಶಾಲೆಯ ದಿನಗಳು ಮತ್ತು ನಿದ್ದೆ. ಯಾವ ಅಲೆಯನ್ನು, ನೆತ್ತಿಯ ಯಾವ ಜಾಗದಲ್ಲಿ ತರಬೇತುಗೊಳಿಸುತ್ತಾರೆ, ಸ್ನಾಯುವಿನ ಸಂಕೇತವನ್ನು ಹೇಗೆ ತಡೆಯುತ್ತಾರೆ, ಮಿತಿ ತಾನಾಗಿ ಬದಲಾಗುತ್ತದೆಯೇ, ಪರದೆಯಿಲ್ಲದ ತರಗತಿಯಲ್ಲಿ ಕಲಿತದ್ದನ್ನು ಬಳಸುವ ಅಭ್ಯಾಸವೂ ಇದೆಯೇ ಎಂದು ಕೇಳಿ. ಎಲ್ಲ 40ರ ಹಣವನ್ನು ಮುಂಗಡ ಕೊಡಬೇಡಿ. ಜುಲೈ, ಆಗಸ್ಟಿನಲ್ಲಿ ಭಾಗಮಂಡಲದ ಕಡೆ ನೀರು ಏರಿದರೆ, ಜಿಲ್ಲಾಧಿಕಾರಿಗಳು ಶಾಲೆಗಳಿಗೇ ರಜೆ ಕೊಡುವ ಮಳೆಯಲ್ಲಿ ಮೈಸೂರಿಗೆ ಹೋಗುವವರು ಯಾರು? ಮಾತ್ರೆ ಕಡಿಮೆ ಮಾಡುವ, ನಿಲ್ಲಿಸುವ ಮಾತನ್ನು ಅದನ್ನು ಬರೆದುಕೊಟ್ಟ ವೈದ್ಯರೇ ಆಡಬೇಕು, ಯಂತ್ರದವರಲ್ಲ.

ನನ್ನ ತಂಗಿ ಹನ್ನೊಂದನೆಯ ಅವಧಿಗೆ ನಿಲ್ಲಿಸಿದಳು. ಅದರ ಬದಲು ತರಗತಿಯ ಶಿಕ್ಷಕಿಯ ಜೊತೆ ಮಾತಾಡಿ ಒಂದು ದಿನಚರಿ ಚೀಟಿ ಮಾಡಿಕೊಂಡಳು: ಹೇಳಿದ ಕೆಲಸ ಮುಗಿಸಿದನೇ, ಜಾಗದಲ್ಲಿ ಕುಳಿತಿದ್ದನೇ, ಸರದಿಗಾಗಿ ಕಾದನೇ ಎಂಬ ಮೂರೇ ಪ್ರಶ್ನೆ, ಪ್ರತಿ ಪೀರಿಯಡ್ಡಿಗೂ ಎರಡರಲ್ಲಿ ಅಂಕ. ಇಷ್ಟು ಅಂಕ ಬಂದರೆ ಸಂಜೆ ಮೈದಾನದಲ್ಲಿ ಹಾಕಿ ಆಡಲು ಅರ್ಧ ಗಂಟೆ ಹೆಚ್ಚು. ನಾಲ್ಕು ತಿಂಗಳಾದ ಮೇಲೆ, ಮಾತ್ರೆ ಈಗಲೂ ಬೇಕೇ ಎಂದು ಅವಳು ವೈದ್ಯರನ್ನು ಕೇಳಿದಳು. ಅವರು ಒಂದು ವಾರ ನಿಲ್ಲಿಸಿ ನೋಡೋಣ, ಯಾವ ವಾರವೆಂದು ಶಿಕ್ಷಕಿಗೆ ಮಾತ್ರ ಹೇಳಬೇಡಿ ಎಂದರು. ಶಿಕ್ಷಕಿ ಎಂದಿನಂತೆ ಚೀಟಿ ತುಂಬಿದರು. ತಿಂಗಳ ಕೊನೆಯಲ್ಲಿ ನಾಲ್ಕು ವಾರಗಳ ಚೀಟಿಗಳನ್ನು ಊಟದ ಮೇಜಿನ ಮೇಲೆ ಹರಡಿ ನಾನೂ ನೋಡಿದೆ. ಮಾತ್ರೆಯಿಲ್ಲದ ವಾರ ಯಾವುದೆಂದು ಕೇಳುವ ಅಗತ್ಯವಿರಲಿಲ್ಲ. ಬೆಳಗಿನ ಪೀರಿಯಡ್ಡುಗಳ ಅಂಕ ಅರ್ಧಕ್ಕೆ ಇಳಿದಿತ್ತು. ಆಟದ ಪೀರಿಯಡ್ಡಿನದು ನಾಲ್ಕೂ ವಾರ ಪೂರ್ತಿ ಇತ್ತು. ಮುಂದಿನ ಸೋಮವಾರದಿಂದ ರೊಟ್ಟಿ, ಮೊಟ್ಟೆ, ಆಮೇಲೆ ಮಾತ್ರೆ ಎಂಬ ಕ್ರಮ ಮತ್ತೆ ಶುರುವಾಯಿತು.